ಚಿಕ್ಕಪ್ಪನ ಕಪ್ಪು ಬಿಲ್ಲೆ

"ಏಳು, ಏಳು!" ಮಲ್ಲಿ ಹಲ್ಲು ಕಚ್ಚಿಕೊಂಡು ಪಿಸುಗುಟ್ಟಿದಳು.

ಮ್ಯಾಗ್ನೆಟ್ ಏಳಲಿಲ್ಲ. ಟೀಚರ್ ಮೇಜಿನ ಮೇಲಿದ್ದ ಥರ್ಮಾಕೋಲ್ ಬಟ್ಟಲಿನಲ್ಲಿ ಐಸ್‌ಗಿಂತ ಎಷ್ಟೋ ತಣ್ಣಗಿನ ಲಿಕ್ವಿಡ್ ನೈಟ್ರೋಜನ್ ಬುಸುಬುಸು ಹೊಗೆಯಾಡುತ್ತಿತ್ತು. ಅದರೊಳಗೆ ಚಿಕ್ಕಪ್ಪನ ಕಪ್ಪು ಬಿಲ್ಲೆ. ಬಿಲ್ಲೆಯ ಮೇಲೆ ಗುಂಡಿಯಷ್ಟು ಪುಟ್ಟ ಮ್ಯಾಗ್ನೆಟ್ ಎಮ್ಮೆಯ ಹಾಗೆ ಕದಲದೆ ಕೂತಿತ್ತು.

ಮನೆಯವರು ಮಲ್ಲಿಯನ್ನು ಮಾತಿನಮಲ್ಲಿ ಎಂದು ಸುಮ್ಮಸುಮ್ಮನೆ ಕರೆಯುತ್ತಿರಲಿಲ್ಲ. ಹೋದ ವಾರವೆಲ್ಲ ಕ್ಲಾಸಿನಲ್ಲಿ ಅವಳದು ಒಂದೇ ಡಂಗುರ: "ನಮ್ಮ ಚಿಕ್ಕಪ್ಪ ಇನ್ವೆಂಟರ್, ಗೊತ್ತಾ? ಅವನೇ ಮಾಡಿರೋ ಬಿಲ್ಲೆ ಮೇಲೆ ಮ್ಯಾಗ್ನೆಟ್ ಗಾಳೀಲಿ ನಿಲ್ಲುತ್ತೆ!" ಅದನ್ನು ಕೇಳಿಯೇ ಟೀಚರ್ ಅವನನ್ನು ಶಾಲೆಗೆ ಕರೆಸಿದ್ದರು.

"ನಿಮ್ಮ ಮ್ಯಾಗ್ನೆಟ್‌ಗೆ ನಿದ್ದೆ ಬಂದಿದೆ ಕಣೇ!" ಎಂದ ಹಿಂದಿನ ಬೆಂಚಿನ ಲಂಬು. ಕ್ಲಾಸೆಲ್ಲ ಗೊಳ್ಳೆಂದಿತು. ಮಲ್ಲಿಯ ಕಿವಿ ಬಿಸಿಯಾಯಿತು.

ಚಿಕ್ಕಪ್ಪ ತಲೆ ಕೆರೆದುಕೊಂಡು, ತಾನೇ ತಯಾರಿಸಿದ ಮೀಟರನ್ನು ಚೀಲದಿಂದ ತೆಗೆದ. ಬಿಲ್ಲೆಗೆ ಅಂಟಿಸಿದ್ದ ಸಣ್ಣ ತಂತಿಗಳನ್ನು ಅದಕ್ಕೆ ಸಿಕ್ಕಿಸಿದ.

"ನೋಡ್ರಪ್ಪ, ಕರೆಂಟ್ ಹರಿಯುವಾಗ ತಂತಿ ಕೂಡ ಸ್ವಲ್ಪ ಅಡ್ಡಿ ಮಾಡುತ್ತೆ. ಈ ಬಿಲ್ಲೆ ಚೆನ್ನಾಗಿ ತಣ್ಣಗಾದ್ರೆ ಅಡ್ಡೀನೇ ಮಾಡಬಾರದು. ಆಗ ಮುಳ್ಳು ಸೊನ್ನೆಗೆ ಬರುತ್ತೆ, ಮ್ಯಾಗ್ನೆಟ್ ಮೇಲೇಳುತ್ತೆ."

ಎಲ್ಲರೂ ಕತ್ತು ಚಾಚಿದರು. ಮುಳ್ಳು ಇಳಿಯಿತು, ಇನ್ನೂ ಇಳಿಯಿತು, ಸೊನ್ನೆಯ ಹತ್ತಿರ ಬಂದು ನಿಂತೇಬಿಟ್ಟಿತು.

"ಛೆ, ಇನ್ನೊಂದು ಚೂರು! ಇವತ್ತು ನಾನು ಫೇಲ್ ಕಣ್ರೋ," ಎಂದು ಚಿಕ್ಕಪ್ಪ ನಕ್ಕ.

ಮನೆಗೆ ಹೋಗುವಾಗ ಮಲ್ಲಿ ತುಟಿ ಬಿಚ್ಚಲಿಲ್ಲ.

"ಯಾಕಮ್ಮಾ, ಬಾಯಿಗೆ ಬೀಗ ಹಾಕ್ಕೊಂಡಿದ್ದೀಯಾ?"

"ನಿನ್ನ ಕಪಾಟಲ್ಲಿ ಅಂಗಡಿಯಿಂದ ತಂದ ಬಿಲ್ಲೆ ಇದೆಯಲ್ಲ! ಅದರ ಮೇಲೆ ಯಾವಾಗ್ಲೂ ತೇಲುತ್ತೆ. ಅದನ್ನ ಯಾಕೆ ತರ್ಲಿಲ್ಲ?"

"ಬೆಳಿಗ್ಗೆ ಅದನ್ನೇ ಚೀಲಕ್ಕೆ ಹಾಕ್ಕೊಂಡಿದ್ದೆ. ಆಮೇಲೆ ತೆಗೆದಿಟ್ಟೆ. ನೀನು ಎಲ್ರಿಗೂ ಏನಂತ ಹೇಳಿದ್ದೆ?"

"ನಮ್ಮ ಚಿಕ್ಕಪ್ಪನೇ ಮಾಡಿರೋದು ಅಂತ..."

"ಮತ್ತೆ? ಅದನ್ನ ತಂದಿದ್ರೆ ನಿನ್ನ ಮಾತು ಸುಳ್ಳಾಗ್ತಿರ್ಲಿಲ್ವಾ?"

ಮಲ್ಲಿ ತಟ್ಟನೆ ನಿಂತಳು. ಚಿಕ್ಕಪ್ಪ ಮುಂದೆ ಹೋಗುತ್ತಿದ್ದ. ಭಾರದ ಚೀಲದಿಂದಾಗಿ ಅವನ ಒಂದು ಭುಜ ವಾಲಿತ್ತು. ಬಿಲ್ಲೆಯನ್ನು ಸುಡುವಾಗ ಕುಲುಮೆಯ ಬಿಸಿ ತಾಗಿದ್ದ ಹೆಬ್ಬೆರಳಿಗೆ ಪ್ಲಾಸ್ಟರ್ ಸುತ್ತಿಕೊಂಡಿದ್ದ. ಬೆಳಗಿನಿಂದ ಪಕ್ಕದಲ್ಲೇ ಇದ್ದರೂ ಅದು ಅವಳ ಕಣ್ಣಿಗೇ ಬಿದ್ದಿರಲಿಲ್ಲ.

ಓಡಿಹೋಗಿ ಕೇಳಿದಳು: "ಚಿಕ್ಕಪ್ಪಾ, ಎಲ್ರೂ ನಗ್ತಿದ್ರಲ್ಲ, ನಿಂಗೆ ಬೇಜಾರಾಯ್ತಾ?"

ಅವನು ಚೀಲವನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡ.

"ಹೂಂ ಕಣೇ," ಎಂದ. "ತುಂಬಾನೇ."

ಮಲ್ಲಿ ಚೀಲದ ಒಂದು ಹಿಡಿಯನ್ನು ಅವನ ಕೈಯಿಂದ ಬಿಡಿಸಿಕೊಂಡಳು.

"ಬಿಡೇ, ಭಾರ ಇದೆ."

"ಇರ್ಲಿ," ಎಂದಳು ಮಲ್ಲಿ. ಅವನ ಹೆಜ್ಜೆಗೆ ತನ್ನ ಹೆಜ್ಜೆ ಸೇರಿಸಿದಳು.