ಬಿಚ್ಚಿಟ್ಟ ಅಂಗಿ

ಗೂಟದಲ್ಲಿ ಕೋಟು ಇರಲಿಲ್ಲ.

ನಾಟಕ ಕಂಪನಿಯ ಉಡುಪಿನ ಕೋಣೆಯಲ್ಲಿ ಬೆಳಗಿನ ಬಿಸಿಲು ತೂಕಡಿಸುತ್ತಿತ್ತು. ಸಾಲಾಗಿ ತೂಗುಬಿದ್ದ ರಾಜರು, ಸೈನಿಕರು, ಕಳ್ಳರು ಗಾಳಿಗೆ ಮೆಲ್ಲಗೆ ಅಲುಗುತ್ತಿದ್ದರು. ಖಾಲಿಯಾಗಿದ್ದದ್ದು ಭಿಕ್ಷುಕನ ಗೂಟ ಮಾತ್ರ. ಆ ಹರಕು ಕೋಟನ್ನು ಬರಿಮೈ ಮೇಲೆ ತೊಡುತ್ತಿದ್ದ ನಟ ತೀರಿಹೋಗಿದ್ದ. ಈ ಸಂಜೆ ಅವನ ಮಗ ಮೊದಲ ಬಾರಿಗೆ ಅದೇ ಪಾತ್ರ ಮಾಡಬೇಕಿತ್ತು.

"ಸಂಜೆಯೊಳಗೆ ಸಿಗದಿದ್ರೆ ನಿಮಗೆ ಇಲ್ಲಿ ಕೆಲಸ ಇಲ್ಲ," ಎಂದ ಮಾಲೀಕ, ಉಡುಪು ನೋಡಿಕೊಳ್ಳುವ ಬಟ್ಟೆಯಕ್ಕನಿಗೆ. ಸತ್ತ ನಟನ ಹೆಂಡತಿ ಅವಳು. ಈ ಕೋಣೆ ಬಿಟ್ಟರೆ ಬೇರೆ ಪ್ರಪಂಚವಿಲ್ಲ. ಆದರೂ ಮುಖದಲ್ಲಿ ಅದೇನೋ ನೆಮ್ಮದಿ. ನನಗೆ ವಿಚಿತ್ರವೆನಿಸಿತು.

ಮಾಲೀಕನ ಕರೆಗೆ ನನ್ನನ್ನೂ ಕರೆದುಕೊಂಡು ಬಂದಿದ್ದ ನನ್ನ ಸೋದರತ್ತೆ — ಪೊಲೀಸ್ ಕೆಲಸದಿಂದ ನಿವೃತ್ತಳಾದರೂ ಮೂಗು ತೂರಿಸುವುದನ್ನು ಬಿಡದವಳು — ಕಾವಲುಗಾರನತ್ತ ತಿರುಗಿದಳು.

"ಯಾರನ್ನ ನೋಡಿದೆ?"

"ನಿನ್ನೆ ಸಂಜೆ ಆ ಕೋಟು ಹಾಕ್ಕೊಂಡು, ಕಾಲು ಎಳ್ಕೊಂಡು ಒಬ್ರು ಹೋದ್ರಮ್ಮ. ಪಾತ್ರದಲ್ಲಿ ಹಾಗೇ ನಡೀತಿದ್ದ, ತೀರ್ಕೊಂಡ ಅಣ್ಣನೇ ಅನ್ನಿಸ್ತು. ಮೈ ಜುಮ್ಮಂತು."

"ಕೈಯಲ್ಲಿ ಗಂಟು, ಚೀಲ?"

"ಬರಿಗೈ."

"ದೆವ್ವಕ್ಕೆ ಕೋಟು ಯಾಕೆ? ಇದು ಮಾರುವೇಷ." ಅತ್ತೆ ನನ್ನ ಕಡೆ ನೋಡಿದಳು. "ಹಾಗಂದ್ರೇನೋ?"

"ಗುರುತು ಮರೆಸೋದು."

"ಅದು ಉದ್ದೇಶ ಆಯ್ತು. ಮಾರ್ಪಾಡು ಅಂತೀವಲ್ಲ, ಈ ಮಾರೂ ಅಲ್ಲಿಂದಲೇ ಬಂದಿದ್ದು — ಬದಲು ಅಂತ. ಒಂದು ಬಿಚ್ಚಿ ಇನ್ನೊಂದು ಹಾಕ್ಕೋಬೇಕು. ಬರಿಗೈಲಿ ಹೋದವನು ಬಿಚ್ಚಿದ್ದನ್ನ ಎಲ್ಲಿಟ್ಟ?"

ಎಲ್ಲರೂ ಹೋದದ್ದನ್ನು ಹುಡುಕಿದ್ದರು. ಉಳಿದದ್ದನ್ನು ಯಾರೂ ಹುಡುಕಿರಲಿಲ್ಲ.

ಕಂಪನಿಯ ಪ್ರತಿ ಉಡುಪಿನ ಕಾಲರಿನೊಳಗೆ ಬಟ್ಟೆಯಕ್ಕ ಗುರುತಿಗೆ ಕೆಂಪು ದಾರ ಹೊಲಿಯುತ್ತಾಳೆ. ಅತ್ತೆ ಒಂದೊಂದೇ ಕಾಲರ್ ಮಗುಚಿದಳು. ಸೈನಿಕರ ಸಾಲಿನಲ್ಲಿ ಒಂದು ನೀಲಿ ಅಂಗಿ. ದಾರವಿಲ್ಲ.

"ನಿನ್ನೆ ತಾಲೀಮಿಗೆ ಇದನ್ನ ಹಾಕ್ಕೊಂಡು ಬಂದಿದ್ದು ಯಾರು?"

ಮಾಲೀಕನ ಕಣ್ಣು ಬಾಗಿಲಲ್ಲಿ ನಿಂತಿದ್ದ ಬಟ್ಟೆಯಕ್ಕನ ಮಗನ ಮೇಲೆ ಹೋಯಿತು.

"ಹಾಗಾದ್ರೆ ನೀನೇ," ಎಂದಳು ಅತ್ತೆ.

ಅವನು ಹೆಗಲ ಚೀಲದಿಂದ ಕೋಟು ತೆಗೆದು, ಅಮ್ಮನಿಗೆ ಕೇಳದಂತೆ ದನಿ ತಗ್ಗಿಸಿದ. "ಅಪ್ಪನ ಹಾಗೆ ನಡೀತೀನಾ ಅಂತ ನೋಡ್ಬೇಕಿತ್ತು. ಮನೆ ಮುಂದೆ ಹೋದಾಗ ಅಮ್ಮ ಕಿಟಕೀಲಿ ನಿಂತು, 'ಊಟ ತಣ್ಣಗಾಗ್ತಿದೆ, ಬನ್ನಿ' ಅಂದ್ಲು. ಓಡಿಬಿಟ್ಟೆ. ಅಪ್ಪನೇ ಬಂದಿದ್ರು ಅಂತ ನಂಬಿದ್ದಾಳೆ. ಕೆಲಸ ಹೋದ್ರೆ ನಾನು ಸಾಕ್ತೀನಿ. ಆ ನಂಬಿಕೇನ ಹೇಗೆ ಕಿತ್ಕೊಳ್ಲಿ?"

"ಕೆಲಸದ ಮಾತು ಬಿಡಿ," ಎಂದು ಮಾಲೀಕ ಗೊಣಗಿದ.

ಎಲ್ಲ ಕೇಳಿಸಿಕೊಂಡಿದ್ದ ಬಟ್ಟೆಯಕ್ಕ ಹತ್ತಿರ ಬಂದು ಕೋಟಿನ ದೂಳು ಕೊಡವಿದಳು. "ನೀನೇ ಅಂತ ಆಗಲೇ ಗೊತ್ತಾಯ್ತು ಕಣೋ. ಹೇಳಿದ್ರೆ ನಿನ್ನ ಪಾತ್ರ ಹೋಗುತ್ತೆ ಅಂತ ಸುಮ್ನಿದ್ದೆ."

"ಮತ್ತೆ ಯಾಕೆ ಹಾಗೆ ಕರೆದೆ?"

"ಇನ್ನೊಂದು ಸಲ ಕರೀಬೇಕು ಅನ್ನಿಸ್ತು."

ಕೋಟು ತೊಡಿಸಿ, ಒಂದೊಂದೇ ಗುಂಡಿ ಹಾಕಿದಳು.

"ಸಂಜೆ ಬಲಗಾಲು ಎಳಿ. ನಿಮ್ಮಪ್ಪ ಎಡಗಾಲು ಎಳೀತಿರಲಿಲ್ಲ."