ಬ್ರಾಡಿ ಕ್ರೀಲ್‌ನ ಹೊಸ ದೀಪಗಳು

ಬ್ರಾಡಿ ಕ್ರೀಲ್ ತನ್ನ ಶೆಡ್ಡಿನ ಸಿಮೆಂಟು ನೆಲದ ಮೇಲೆ ಸತ್ತು ಬಿದ್ದಿದ್ದ. ತಲೆ ಅವನ ಬಿಳಿ ಯೂಟ್‌ನ, ಅಂದರೆ ತೆರೆದ ತೊಟ್ಟಿಯ ಪಿಕಪ್ ಗಾಡಿಯ ಹಿಂದೆ, ಟ್ರೇಲರ್ ಕಟ್ಟುವ ಕಬ್ಬಿಣದ ಗುಂಡಿನ ಕೆಳಗಿತ್ತು. ತೊಟ್ಟಿಯಿಂದ ಜಾರಿ ಬಿದ್ದು ಗುಂಡಿಗೆ ತಲೆ ಹೊಡೆದುಕೊಂಡ ಎನ್ನುವ ಹಾಗೆ. ಆದರೆ ಒಂದು ಸಲ ಬಿದ್ದವನ ತಲೆ ಮೂರು ಕಡೆ ಒಡೆಯುತ್ತದೆಯೇ? ಸಾರ್ಜೆಂಟ್ ನೋಲೀನ್ ಹ್ಯಾಡೊ ಬಗ್ಗಿ ನೋಡಿ ಎದ್ದಳು.

ಅಷ್ಟರಲ್ಲಿ ಹೊರಗೆ ಹೆಂಗಸೊಬ್ಬಳು ಚೀರಿದಳು.

ನೋಲೀನ್ ಓಡಿದಳು. ಅಂಗಳದ ಕೆಂಪು ಧೂಳಿನಲ್ಲಿ ಬ್ರಾಡಿಯ ಭಾವಮೈದುನ ಟೋಬಿ ಮುದುಡಿಕೊಂಡು ಬಿದ್ದಿದ್ದ. ಹಂದಿ ಬೇಟೆಯ ನಾಲ್ಕಾರು ಗಂಡಸರು ಸುತ್ತ ನಿಂತಿದ್ದರು. ಬ್ರಾಡಿಯ ಬೇಟೆಯ ಜೊತೆಗಾರ ಕ್ಲೆಮ್ ಗ್ಯಾರಿಟಿ ಬೂಟುಗಾಲಿನಿಂದ ಅವನ ಪಕ್ಕೆಗೆ ಒದೆಯುತ್ತಿದ್ದ. ಬ್ರಾಡಿಯ ಹೆಂಡತಿ ಶೆರೀ ತಮ್ಮನ ಮೇಲೆ ಅಡ್ಡ ಬೀಳಲು ನೋಡಿದರೆ ಒಬ್ಬ ಅವಳ ರಟ್ಟೆ ಹಿಡಿದು ಎಳೆಯುತ್ತಿದ್ದ.

ನೋಲೀನ್ ನಡುವೆ ನುಗ್ಗಿದಳು. ಲಾಠಿಯಿಂದ ಕ್ಲೆಮ್‌ನ ಮೊಣಕಾಲಿನ ಹಿಂದಕ್ಕೆ ಬಾರಿಸಿದಳು. ಅವನು ಕುಸಿದ.

"ಇನ್ನೊಬ್ಬ ಕಾಲೆತ್ತಿದ್ರೆ ಗುಂಡು ಹಾರಿಸ್ತೀನಿ. ಹಿಂದಕ್ಕೆ ಸರೀರೋ!"

"ಇವನೇ ಕೊಂದಿದ್ದು ಸಾರ್ಜೆಂಟ್!" ಕ್ಲೆಮ್ ಅರಚಿದ. "ಇವನ ಸಾಮಾನಿನ ಪೆಟ್ಟಿಗೆ ತೆಗೆದು ನೋಡಿ. ದೊಡ್ಡ ಸ್ಪ್ಯಾನರ್ ನೋಡಿ!"

ಪೆಟ್ಟಿಗೆ ಶೆಡ್ಡಿನಲ್ಲೇ ಇತ್ತು. ಸ್ಪ್ಯಾನರನ್ನು ಯಾರೋ ಒರೆಸಿ ಇಟ್ಟಿದ್ದರು. ಅದರ ಹಲ್ಲುಗಳ ನಡುವೆ ಬ್ರಾಡಿಯ ಕೂದಲು ಸಿಕ್ಕಿಕೊಂಡಿತ್ತು.

ಟೋಬಿಯ ಕಥೆ ಮುಗಿದಂತೆಯೇ. ಅಕ್ಕನಿಗೆ ಹೊಡೆಯಬೇಡ ಎಂದದ್ದಕ್ಕೆ ಬ್ರಾಡಿ ಹೋದ ವಾರ ಊರಿನ ಪಬ್ಬಿನಲ್ಲಿ ಅವನ ಎರಡು ಹಲ್ಲು ಉದುರಿಸಿದ್ದ. ಸಾಯಿಸ್ತೀನಿ ಅಂತ ಟೋಬಿ ಕೂಗಿದ್ದನ್ನು ಇಡೀ ವಿರಬಿಲ್ಲ ಊರೇ ಕೇಳಿತ್ತು. ನಗರದ ಪತ್ತೇದಾರರು ಮಧ್ಯಾಹ್ನ ವಿಮಾನದಲ್ಲಿ ಬರುವವರಿದ್ದರು. ಒಬ್ಬನನ್ನು ಜೈಲಿಗೆ ಒಯ್ಯಲು ಅವರಿಗೆ ಇಷ್ಟು ಧಾರಾಳವಾಗಿ ಸಾಕು. ಬ್ರಾಡಿ ಸತ್ತದ್ದಕ್ಕೆ ನೋಲೀನ್‌ಗೆ ದುಃಖವೇನೂ ಆಗಲಿಲ್ಲ. ಟೋಬಿಗಾಗಿ ಮಾತ್ರ ಭಯವಾಯಿತು.

ಅವನನ್ನು ಪೊಲೀಸ್ ಗಾಡಿಯಲ್ಲಿ ಕೂರಿಸಿ, ಕಾವಲಿಗೆ ಕಾನ್‌ಸ್ಟೇಬಲ್ ಟ್ರಾನ್‌ನನ್ನು ಬಿಟ್ಟು, ಅವಳು ಕ್ಲೆಮ್‌ನ ಕಡೆ ತಿರುಗಿದಳು.

"ಮೊದಲು ನೋಡಿದ್ದು ನೀನಾ?"

"ಹ್ಞೂಂ. ಬೆಳಿಗ್ಗೆ ಬಂದೆ. ಷಟರ್ ಎತ್ತಿದ್ರೆ ಇವನು ಹೀಗೆ ಬಿದ್ದಿದ್ದಾನೆ! ಓಡಿ ಹೋಗಿ ಬಕೆಟ್‌ನಲ್ಲಿ ನೀರು ತಂದೆ. ಮುಖಕ್ಕೆ ಚಿಮುಕಿಸೋಣ ಅಂತ. ಅಷ್ಟರಲ್ಲಿ ಶೆರೀ ಬಂದ್ಲು."

"ತೊಟ್ಟಿಯ ಹೊಸ ದೀಪ ಉರೀತಿತ್ತಾ?" ಟೋಬಿ ನಿನ್ನೆ ಗಾಡಿಗೆ ದೀಪ ಹಾಕಿದ್ದನ್ನು ಶೆರೀ ಆಗಲೇ ನೋಲೀನ್‌ಗೆ ಹೇಳಿದ್ದಳು.

"ಹೊಸ ದೀಪಾನಾ? ಹಾಕಿಸಿದ್ನಾ?" ಕ್ಲೆಮ್ ಹುಬ್ಬೇರಿಸಿದ. "ನನಗೇನು ಗೊತ್ತು. ಈ ವಾರವೆಲ್ಲ ನಾನು ಇತ್ತ ತಲೆ ಹಾಕಿಲ್ಲ."

ನೋಲೀನ್ ಗಾಡಿಯನ್ನು ನೋಡಿದಳು. ಶನಿವಾರದ ಯೂಟ್ ಮೇಳಕ್ಕೆಂದು ಬ್ರಾಡಿ ಬೇಟೆಯ ಕೊಳೆಯೆಲ್ಲ ತಿಕ್ಕಿ, ತೊಟ್ಟಿಗೆ ಹೊಸದಾಗಿ ಬಿಳಿ ಬಣ್ಣ ಹೊಡೆಸಿದ್ದ. ತೊಟ್ಟಿಯೊಳಗಿನ ನೆಲದಲ್ಲಿ ಮಡುಗಟ್ಟಿದ್ದ ರಕ್ತವನ್ನು ಯಾರೋ ಒದ್ದೆ ಬಟ್ಟೆಯಿಂದ ಮೂಲೆ ಮೂಲೆ ಬಿಡದೆ ಒರೆಸಿದ್ದರು. ಆದರೆ ತೊಟ್ಟಿಯ ಹಿಂಬಾಗಿಲಿನ ಒಳಮೈಗೆ ಸಿಡಿದಿದ್ದ ರಕ್ತದ ಹನಿಗಳು? ಅವು ಕಣ್ಣಿಗೆ ರಾಚುವಂತೆ ಹಾಗೇ ಇದ್ದವು.

"ಟೋಬಿ ಕುಡಿದ ಅಮಲಲ್ಲಿ ಒರೆಸಿದ್ದಾನೆ, ಅರ್ಧಕ್ಕೆ ಬಿಟ್ಟಿದ್ದಾನೆ," ಎಂದ ಕ್ಲೆಮ್.

ಕುಡಿದವನು ಇಷ್ಟು ಅಚ್ಚುಕಟ್ಟಾಗಿ ಮೂಲೆ ಒರೆಸುತ್ತಾನೆಯೇ?

ಅವಳು ಪೊಲೀಸ್ ಗಾಡಿಗೆ ಹೋದಳು. ಶೆರೀ ಕಿಟಕಿಯೊಳಗೆ ಕೈ ಹಾಕಿ ತಮ್ಮನ ತುಟಿಯ ರಕ್ತ ಒರೆಸುತ್ತಿದ್ದಳು.

"ಟೋಬಿ, ನಿನ್ನೆ ನೀನು ಮಾಡಿದ ಕೆಲಸ ಹೇಳು. ಒಂದೂ ಬಿಡಬೇಡ."

"ಬ್ಯಾಟರಿಯಿಂದ ಫ್ಯೂಸ್ ಹಾಕಿ ವೈರ್ ತಂದೆ," ಎಂದ ಟೋಬಿ. ಬಾಯಿ ಊದಿ ಮಾತು ತೊದಲುತ್ತಿತ್ತು. "ಗಾಡಿ ಕೆಳಗೆ, ಪೈಪಿನೊಳಗೆ. ಅಂಚಿನ ಕೆಳಗೆ ಸುತ್ತ ಎಲ್ಇಡಿ ಪಟ್ಟಿ ಅಂಟಿಸಿದೆ. ಎರಡು ಸಾಲು. ಬೇಟೆಗೆ ಕೆಂಪು, ಮೇಳಕ್ಕೆ ಬಿಳಿ. ಕೆಂಪಾದ್ರೆ ಹಂದಿ ಬೆದರಲ್ಲ, ಹುಳಾನೂ ಮುತ್ತಲ್ಲ."

"ಸ್ವಿಚ್ಚು?"

"ತೊಟ್ಟಿ ಅಂಚಿನ ಅಡಿಗೆ, ರಬ್ಬರ್ ಮುಚ್ಚಿ. ಬಗ್ಗಿ ನೋಡಿದ್ರೂ ಕಾಣಲ್ಲ. ಎಡಗಡೆ ಅಂಚಿಗೆ ಕೆಂಪಿನದು, ಬಲಗಡೆ ಅಂಚಿಗೆ ಬಿಳಿಯದು. ಒಟ್ಟಿಗೆ ಇಟ್ರೆ ಹಂದಿ ಹತ್ತಿರ ಬಂದಾಗಲೇ ಕೈತಪ್ಪಿ ಬಿಳಿ ಹತ್ತಿಬಿಡತ್ತೆ. ಆಮೇಲೆ ಬೈಗುಳ ತಿನ್ನೋನು ನಾನೇ ಅಲ್ವಾ?"

"ಯಾರ‍್ಯಾರಿಗೆ ಗೊತ್ತು?"

"ನನಗೆ, ಬ್ರಾಡಿಗೆ. ವೈರ್ ಹಿಡಕೊಂಡು ನಿಂತಿದ್ದು ಅಕ್ಕ, ಅವಳಿಗೆ. ಸಂಜೆ ಮುಗಿಸಿ, ಪೆಟ್ಟಿಗೆ ಅಲ್ಲೇ ಬಿಟ್ಟು ಮನೆಗೆ ಹೋದೆ."

ನೋಲೀನ್ ನೆಟ್ಟಗೆ ನಿಂತಳು. ಆಮೇಲೆ ದಾಪುಗಾಲಿಟ್ಟು ಶೆಡ್ಡಿಗೆ ನಡೆದಳು.

"ಕ್ಲೆಮ್, ಒಳಗೆ ಬಾ. ಟ್ರಾನ್, ನೀನೂ."

ಮೂವರೂ ಒಳಗಾದ ಮೇಲೆ ಅವಳು ಷಟರನ್ನು ಧಡಾರನೆ ಎಳೆದಳು. ಕಿಟಕಿಯಿಲ್ಲದ ಶೆಡ್ಡು. ಹೊರಗೆ ಬೆಂಕಿಯಂಥ ಬಿಸಿಲಿದ್ದರೂ ಒಳಗೆ ಕಣ್ಣಿಗೆ ಕೈ ಕಾಣದ ಕತ್ತಲೆ. ಗೋಡೆಯ ಸ್ವಿಚ್ಚು ಒತ್ತಿದರೂ ಬಲ್ಬು ಹತ್ತಲಿಲ್ಲ.

"ಅಯ್ಯೋ, ಶೆಡ್ಡಿನ ಬಲ್ಬು ಕೆಟ್ಟಿದ್ಯಾ?" ಎಂದಳು ನೋಲೀನ್. "ನಾನು ಹೆಣ ತುಳಿದೇನು. ಕ್ಲೆಮ್, ಗಾಡಿ ಹತ್ತಿರ ಇರೋನು ನೀನು. ಏನಾದ್ರೂ ಬೆಳಕು ಮಾಡಪ್ಪ, ಬೇಗ!"

ಬಟ್ಟೆ ಸರಿದ ಸದ್ದು. ಟಕ್.

ತೊಟ್ಟಿಯ ಸುತ್ತ ಕೆಂಪು ಬೆಳಕು ಹರಿಯಿತು. ಕ್ಲೆಮ್‌ನ ಕೈ ಇನ್ನೂ ಎಡಗಡೆಯ ಅಂಚಿನ ಅಡಿಯಲ್ಲಿತ್ತು. ಆ ಕೈಯನ್ನು ಅವನೇ ನೋಡಿದ. ಬೇರೆ ಯಾರದೋ ಕೈ ಎನ್ನುವ ಹಾಗೆ ನೋಡಿದ.

"ಈ ವಾರವೆಲ್ಲ ಇತ್ತ ಬರದವನಿಗೆ, ಬಗ್ಗಿದ್ರೂ ಕಾಣದ ಸ್ವಿಚ್ಚು ಕತ್ತಲೆಯಲ್ಲಿ ಹೇಗಪ್ಪಾ ಸಿಕ್ತು?"

ಕ್ಲೆಮ್ ಕೈಯನ್ನು ಹಿಂದಕ್ಕೆ ಎಳೆದುಕೊಂಡ.

"ಟ್ರಾನ್, ಹಿಂಬಾಗಿಲು ನೋಡು. ರಕ್ತ ಎಲ್ಲಿದೆ?"

ಟ್ರಾನ್ ಬಗ್ಗಿದ. ಕಣ್ಣುಜ್ಜಿಕೊಂಡ. "ಇಲ್ವಲ್ಲ ಮೇಡಂ! ಎಲ್ಲಾ ಒಂದೇ ಬಣ್ಣ ಕಾಣ್ತಿದೆ."

ನೋಲೀನ್ ಬಲಗಡೆಯ ಅಂಚಿಗೆ ಕೈ ಹಾಕಿ ಒತ್ತಿದಳು. ಹಾಲಿನಂಥ ಬಿಳಿ ಬೆಳಕು. ಹಿಂಬಾಗಿಲ ತುಂಬ ಬ್ರಾಡಿಯ ರಕ್ತ ಚಿಟಿಚಿಟಿ ಸಿಡಿದು ನಿಂತಿತ್ತು.

"ಕೆಂಪು ದೀಪದಲ್ಲಿ ರಕ್ತ ಕಾಣಲ್ಲ ಕ್ಲೆಮ್. ಮಡುಗಟ್ಟಿದ್ದು ಕೈಗೆ ತಾಗಿತು, ಒರೆಸಿದೆ. ಹನಿಗಳು ತಾಗಲಿಲ್ಲ, ಬಿಟ್ಟೆ. ಟೋಬಿಗೂ ಶೆರೀಗೂ ಬಿಳಿ ದೀಪ ಗೊತ್ತಿತ್ತು. ಅವರು ಒರೆಸಿದ್ರೆ ಅದನ್ನೇ ಹಾಕಿಕೊಳ್ತಿದ್ರು. ಬಿಳಿ ಇದೆ ಅಂತಲೇ ಗೊತ್ತಿಲ್ಲದವನು ಒರೆಸಿದ್ದು. ಬ್ರಾಡಿ ನಿನಗೆ ಕೆಂಪು ತೋರಿಸಿದ, ಬಿಳಿ ತೋರಿಸೋ ಮುಂಚೆ ನೀನು ಹೊಡೆದೆ. ಬೆಳಿಗ್ಗೆ ಬಿಸಿಲಲ್ಲಿ ನೋಡಿ ಎದೆ ಧಸಕ್ ಅಂದಿರಬೇಕು. ಬಕೆಟ್ ನೀರು ಹೆಣದ ಮುಖಕ್ಕಲ್ಲ, ಈ ಬಾಗಿಲು ತೊಳೆಯೋಕೆ. ಶೆರೀ ಬಂದುಬಿಟ್ಲು. ಜಾರಿಬಿದ್ದ ಅನ್ನೋ ಕಥೆ ಇನ್ನು ನಡೆಯಲ್ಲ ಅಂತ ಟೋಬಿ ಹೆಸರು ಹೇಳಿದೆ. ಹೊಡೆದದ್ದು ಸ್ಪ್ಯಾನರಿನಿಂದ, ಅದು ಟೋಬಿಯ ಪೆಟ್ಟಿಗೆಯಲ್ಲಿದೆ ಅಂತ ನಿನಗೊಬ್ಬನಿಗೇ ಗೊತ್ತಿತ್ತಲ್ಲ!"

ಕ್ಲೆಮ್ ಗೋಡೆಗೆ ಒರಗಿಸಿದ್ದ ಜಾಕಿ ರಾಡು ಎಳೆದು ಬೀಸಿದ. ಟ್ರಾನ್‌ನ ಭುಜದ ಮೂಳೆ ಲಟ್ಟೆಂದಿತು. ಎರಡನೆಯ ಏಟು ನೋಲೀನ್‌ನ ಕಿವಿ ಸವರಿ ದೀಪದ ಪಟ್ಟಿಗೆ ಬಿತ್ತು, ಕಿಡಿ ಹಾರಿತು. ಅವಳು ತಲೆ ತಗ್ಗಿಸಿ ನುಗ್ಗಿ, ಅವನ ಹೊಟ್ಟೆಗೆ ಗುದ್ದಿ, ಲಾಠಿಯಿಂದ ಮುಂಗೈ ಮುರಿದಳು. ರಾಡು ಬಿತ್ತು. ಕ್ಲೆಮ್ ನೆಲಕ್ಕೆ ಕೂತು ಅಳತೊಡಗಿದ.

"ನನ್ನ ನಾಯಿ ಬಿಡ್ಡೀನ ಗುಂಡಿಟ್ಟು ಕೊಂದ, ಸಾರ್ಜೆಂಟ್. ಒಂದು ಹಂದಿ ಕೈಬಿಟ್ಲು ಅಂತ. ಪೊದೆಯಲ್ಲಿ ಕಳೆದುಹೋದ್ಲು ಅಂದಿದ್ದ. ನಾನು ಎಷ್ಟು ದಿನ ಕೂಗ್ತಾ ಅಲೆದೆ ಗೊತ್ತಾ? ನಿನ್ನೆ ದೀಪ ತೋರಿಸ್ತಾ, ನಗ್ತಾ ಹೇಳ್ದ. ನಿನ್ನ ಮುದಿ ನಾಯಿ ಹಳ್ಳದಲ್ಲಿದೆ, ಈ ದೀಪ ಹಾಕ್ಕೊಂಡು ಹುಡುಕೋಣ ಬಾ ಅಂದ."

ನೋಲೀನ್ ಅವನನ್ನು ಹೊರಗೆ ಕರೆತಂದಳು. ಒದೆಯಲು ನಿಂತಿದ್ದ ಗಂಡಸರೆಲ್ಲ ಅವನ ಬೇಡಿ ನೋಡಿ ಬೇರೆ ಕಡೆ ಮುಖ ತಿರುಗಿಸಿದರು. ಟೋಬಿ ಅಕ್ಕನ ಹೆಗಲು ಹಿಡಿದು, ಪಕ್ಕೆ ಒತ್ತಿಕೊಂಡು ಗಾಡಿಯಿಂದ ಇಳಿದ. ಕ್ಲೆಮ್‌ನ ಎದುರಿಗೇ ಬಂದು ನಿಂತ.

"ಹಂದಿ ಕೋರೆಗೆ ಬಿಡ್ಡಿ ಹೊಟ್ಟೆ ಸೀಳಿದಾಗ ಹೊಲಿಗೆ ಹಾಕಿದ್ದು ನಾನು. ಅವಳ ತಲೆ ನೀನು ಹಿಡಕೊಂಡಿದ್ದೆ. ಬ್ರಾಡೀನ ಕೊಂದೆ, ಸರಿ. ನನ್ನ ತಲೆಗೆ ಯಾಕೆ ಕಟ್ಟಿದ್ಯೋ?"

ಕ್ಲೆಮ್ ಅವನ ಒಡೆದ ಮುಖ ನೋಡಿದ.

"ನೀನು ತಿರುಗಿ ಹೊಡೆಯಲ್ಲ ಅಂತ ಗೊತ್ತಿತ್ತು ಕಣೋ," ಎಂದ.