ಹನ್ನೊಂದು ಸೀನು

ಕೊಟ್ರಪ್ಪ ಅಂಗಿ ಬಿಚ್ಚಿದ. ಎಡಬಲ ಪಕ್ಕೆಗಳಲ್ಲಿ ಐದೈದು ಉಸಿರುಕಿಂಡಿಗಳು ಒಟ್ಟಿಗೆ ತೆರೆದು ಮುಚ್ಚಿದವು. ಬ್ಯಾಡಗಿಯ ಮೆಣಸಿನಪುಡಿ ಗಿರಣಿಯಲ್ಲಿ ಇಪ್ಪತ್ತು ವರ್ಷ ದುಡಿದು ಶ್ವಾಸನಾಳ ಕೆಡಿಸಿಕೊಂಡಿದ್ದ ಮನುಷ್ಯ, ೨೦೭೪ರ ಆ ಬೆಳಿಗ್ಗೆ ಕೆಮ್ಮದೆ ಉಸಿರಾಡುತ್ತಿದ್ದ.

“ಜಿರಲೆಗೆ ಮೂಗಿಲ್ಲ,” ಎಂದು ವಿಜ್ಞಾನಿ ಡಾ. ಸುಲೋಚನಾ ವಿವರಿಸಿದರು. “ಪಕ್ಕೆಯ ಕಿಂಡಿಗಳಿಂದ ಸಣ್ಣ ಕೊಳವೆಗಳು ಗಾಳಿಯನ್ನು ನೇರವಾಗಿ ಅಂಗಾಂಗಗಳಿಗೆ ಒಯ್ಯುತ್ತವೆ. ನಿಮಗೂ ಅದನ್ನೇ ಅಳವಡಿಸಿದ್ದೇನೆ. ಆದರೆ ನಿಮ್ಮ ದೇಹ ದೊಡ್ಡದು, ಗಾಳಿ ತಾನಾಗಿ ಅಷ್ಟು ದೂರ ಹೋಗದು. ಅದಕ್ಕೇ ಪ್ರತಿಯೊಂದು ಕಿಂಡಿಯ ಕೊಳವೆಯಲ್ಲೂ ತೊಗರಿಬೇಳೆ ಗಾತ್ರದ ಪಂಪು ಇಟ್ಟಿದ್ದೇನೆ. ಮೂಗು ಇರಲಿ, ವಾಸನೆಗೆ.”

“ಲಗ್ನಕ್ಕ ಅಡ್ಡಿ ಇಲ್ಲಲ್ರೀ?”

ಕೆಮ್ಮಿನಿಂದಾಗಿ ಅವನಿಗೆ ಮೂರು ಸಂಬಂಧ ತಪ್ಪಿದ್ದವು. ವಯಸ್ಸು ನಲವತ್ತು. ನಾಲ್ಕನೆಯವಳು ನೀಲವ್ವ; ಅವಳು ಒಪ್ಪಿದ್ದಳು, ಅವನಂತೂ ಅವಳಿಗೆ ಸೋತೇಹೋಗಿದ್ದ.

“ಯಾವ ಅಡ್ಡಿಯೂ ಇಲ್ಲ,” ಎಂದರು ಸುಲೋಚನಾ. ವಿಜ್ಞಾನಿಗಳು ಇಷ್ಟು ಧೈರ್ಯವಾಗಿ ಹೇಳಿದಾಗಲೇ ನಾವು ಹೆದರಬೇಕು.

ನಿಶ್ಚಯದ ದಿನ ನೀಲವ್ವನ ಸೋದರಮಾವ ಗುದ್ಲೆಪ್ಪ ವೀಳ್ಯದ ತಾಟು ಎತ್ತಿದ. ಅದೇ ಹೊತ್ತಿಗೆ ಅಡುಗೆಮನೆಯಿಂದ ಒಗ್ಗರಣೆಯ ಘಾಟು ಬಂತು. ಕೊಟ್ರಪ್ಪ ಸೀನಿದ. ಮೂಗಿನ ಜೊತೆ ಹತ್ತೂ ಕಿಂಡಿಗಳು ಸೀನಿದವು. ಹೊಸ ಅಂಗಿ ಉಬ್ಬಿ, ಗುಂಡಿಯೊಂದು ಕಿತ್ತು ಹಾರಿ ಪಾಯಸಕ್ಕೆ ಬಿತ್ತು.

ಗುದ್ಲೆಪ್ಪ ತಾಟು ಕೆಳಗಿಟ್ಟ. “ಒಂಟಿ ಸೀನು! ಅಪಶಕುನ. ಜೋಡಿ ಸೀನಾಗಿದ್ರ ಮಾತು ಬ್ಯಾರೆ.”

“ಒಂದಲ್ರೀ ಹಿರ್ಯಾರ, ಹನ್ನೊಂದು!” ಕೊಟ್ರಪ್ಪ ಅಂಗಲಾಚಿದ.

ಗುದ್ಲೆಪ್ಪ ಬೆರಳು ಮಡಚಿ ಎಣಿಸಿದ. “ಐದು ಜೋಡಿ ಹೋದ್ರೂ ಒಂದು ಒಂಟಿನ ಉಳೀತಲ್ಲೋ.”

ಊಟಕ್ಕೆ ಬಂದಿದ್ದ ಸುಲೋಚನಾ ಎದ್ದು ನಿಂತರು. “ವೈಜ್ಞಾನಿಕವಾಗಿ ಅದು ಒಂದೇ ಸೀನು. ಮಿದುಳಿನಿಂದ ಹೊರಟ ಆಜ್ಞೆ ಒಂದೇ.”

“ಕೇಳಿದ್ರಿಲ್ಲೋ? ಡಾಕ್ಟರೂ ಅದನ್ನ ಅಂದ್ರು!”

ಸುಲೋಚನಾ ಮತ್ತೆ ಕುಳಿತರು. ಹೆಣ್ಣಿನ ಕಡೆಯವರು ಒಬ್ಬೊಬ್ಬರೇ ಏಳತೊಡಗಿದರು. ಕೊಟ್ರಪ್ಪನಿಗೆ ಅಳು ಬಂತು. ನಾಲ್ಕನೆಯದೂ ಹೋಯಿತು.

ಆಗ ನೀಲವ್ವ ಸೆರಗಿನ ತುದಿಯ ದಾರ ಹೊಸೆದು ಮೂಗಿಗೆ ತೂರಿಸಿ, ಮನೆ ನಡುಗುವಂತೆ ಒಮ್ಮೆ ಸೀನಿದಳು.

“ಒಂದಂದ್ರ ಈಗ ಎರಡಾತು. ಹನ್ನೊಂದಂದ್ರ ಹನ್ನೆರಡಾತು. ಹೆಂಗ ಎಣಿಸಿದ್ರೂ ಜೋಡಿನ. ಮಾವಾ, ತಾಟು ಎತ್ತು.”

ಗುದ್ಲೆಪ್ಪನ ಬೆರಳುಗಳು ಎರಡು ಸಲ ಲೆಕ್ಕ ಹಾಕಿದವು. ತಪ್ಪು ಸಿಗಲಿಲ್ಲ. ತಾಟು ಎತ್ತಿದ.

ಕೊಟ್ರಪ್ಪ ಹನ್ನೊಂದೂ ಕಡೆಯಿಂದ ಒಟ್ಟಿಗೆ ನಿಟ್ಟುಸಿರು ಬಿಟ್ಟ. ಆ ಗಾಳಿಗೆ ದೇವರ ಮುಂದಿನ ದೀಪ ಆರಿತು.

ಎಲ್ಲರೂ ಗುದ್ಲೆಪ್ಪನ ಮುಖ ನೋಡಿದರು. ಅವನು ನೀಲವ್ವನ ಮುಖ ನೋಡಿದ. ಅವಳು ಆಗಲೇ ಸೆರಗು ಸೊಂಟಕ್ಕೆ ಸಿಕ್ಕಿಸುತ್ತಿದ್ದಳು.

“ನಾ ಏನೂ ನೋಡಿಲ್ಲಪಾ,” ಎಂದ ಗುದ್ಲೆಪ್ಪ. “ಯಾರರ ಕಡ್ಡಿಪೆಟ್ಟಿಗಿ ತರ್ರಿ.”